ಹತ್ತನೇ ದಿನದ ಜ್ವರ ಮತ್ತು ಹಣೆಬರಹದ ವಾದ

ಕ್ಯಾನ್ಸರ್ ಚಿಕಿತ್ಸೆ ಪಡೆದು ಮನೆಗೆ ಹೋದವರು ಎರಡು ವಾರ ತುಂಬುವ ಮೊದಲೇ ಮತ್ತೆ ಅಡ್ಮಿಟ್ ಆಗುವುದನ್ನು ಎಷ್ಟೋ ಸಲ ತಪ್ಪಿಸಬಹುದು ಎಂದು ತುಮಕೂರಿನಲ್ಲಿ ಹೇಳಿ ನೋಡಿ. ರೋಗಿಯ ಮನೆಯವರು ನಿಟ್ಟುಸಿರು ಬಿಡುತ್ತಾರೆ. ವ್ಯವಸ್ಥೆಯೊಳಗೆ ಕೂತವರು ವಾದಕ್ಕಿಳಿಯುತ್ತಾರೆ. ನಿಟ್ಟುಸಿರಿಗೆ ನನ್ನಲ್ಲಿ ಉತ್ತರವಿಲ್ಲ, ವಾದಗಳಿಗೆ ಇದೆ. ಆಸ್ಪತ್ರೆ ನಡೆಸುವವರು, ಇಲಾಖೆಯ ಸಭೆಗಳಲ್ಲಿ ಮಾತಾಡುವವರು, ಅವರು ಹೇಳಿದ್ದನ್ನೇ ವೇದಿಕೆ ಮೇಲೆ ಒಪ್ಪಿಸುವ ಮುಖಂಡರು, ಇವರೆಲ್ಲ ಮುಂದಿಡುವ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದ್ದು.

ಅದಕ್ಕೂ ಮೊದಲು ನಾವು ಕೇಳುತ್ತಿರುವುದು ಏನೆಂಬುದು ದಾಖಲೆಗೆ ಬರಲಿ. ನಾವು ಕೇಳದೇ ಇದ್ದುದನ್ನು ನಮ್ಮ ಬಾಯಿಗೆ ತುರುಕಿ, ಆಮೇಲೆ ಅದನ್ನು ಖಂಡಿಸಿ ಗೆದ್ದೆವೆಂದು ಹೊರಡುವುದು ಎದುರಾಳಿಗಳಿಗೆ ಅಭ್ಯಾಸವಾಗಿದೆ. ಗುಬ್ಬಿಯ, ಕುಣಿಗಲ್‌ನ, ತುಮಕೂರು ನಗರದ ರೋಗಿ ಎಲ್ಲಿಂದಲೇ ಡಿಸ್ಚಾರ್ಜ್ ಆಗಲಿ, ಅವರ ಕೈಗೆ ಕನ್ನಡದ ಒಂದು ಹಾಳೆ ಮತ್ತು ಒಂದು ಥರ್ಮಾಮೀಟರ್ ಕೊಡಿ. ರಾತ್ರಿ ಹೊತ್ತೂ ಮನುಷ್ಯರೇ ಎತ್ತುವ ಒಂದು ಫೋನ್ ನಂಬರ್ ಕೊಡಿ. ಎರಡನೇ ದಿನ, ಏಳನೇ ದಿನ, ಹತ್ತನೇ ದಿನ ನರ್ಸ್ ಒಬ್ಬರು ಕರೆ ಮಾಡಿ ವಿಚಾರಿಸಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿರುಳೂ ರಕ್ತಕಣದ ಎಣಿಕೆ ಆಗಲಿ. ನರಕ್ಕೆ ಕೊಡುವ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್, ಮಾರ್ಫಿನ್ ಮಾತ್ರೆ, ಮೂಗಿನ ನಳಿಕೆ ಬದಲಿಸಲು ಕಲಿತ ಸಿಬ್ಬಂದಿ ಅಲ್ಲಿರಲಿ. ಇಷ್ಟೇ ಬೇಡಿಕೆ. ನಾವು ವಿಕಿರಣ ಯಂತ್ರ ಕೇಳಿಲ್ಲ, ಶಂಕುಸ್ಥಾಪನೆಯನ್ನೂ ಕೇಳಿಲ್ಲ.

ಮೊದಲ ಆಕ್ಷೇಪ ಎಲ್ಲಕ್ಕಿಂತ ಹಳೆಯದು, ಗಂಭೀರ ಮುಖದಲ್ಲಿ ಹೇಳುವಂಥದ್ದು: "ಕ್ಯಾನ್ಸರ್ ಅಂದ ಮೇಲೆ ರೋಗಿ ಮತ್ತೆ ಮತ್ತೆ ಬರೋದು ಸಹಜ. ಅದು ಕಾಯಿಲೆಯ ಗುಣ." ಅರ್ಧ ನಿಜ. ಮೂರು ವಾರಕ್ಕೊಮ್ಮೆ ಕೀಮೋಗೆ ಬರುವುದು ಮೊದಲೇ ನಿಗದಿಯಾದದ್ದು, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಗೆಡ್ಡೆ ಬೆಳೆದು ಕರುಳು ಕಟ್ಟಿಕೊಂಡರೆ ಅದು ಕಾಯಿಲೆಯದೇ ಕೆಲಸ, ಅದನ್ನೂ ಬಿಡೋಣ. ಉಳಿದದ್ದನ್ನು ನೋಡಿ. ಹೊರರೋಗಿಯಾಗಿ ಕೀಮೋ ಪಡೆದವರು 30 ದಿನದೊಳಗೆ ಯಾವ ಕಾರಣಕ್ಕೆ ಬಂದರೆ ಅದನ್ನು ಆಸ್ಪತ್ರೆಯ ಗುಣಮಟ್ಟದ ಲೆಕ್ಕಕ್ಕೆ ಹಿಡಿಯಬೇಕೆಂದು ಅಮೆರಿಕದ ಮೆಡಿಕೇರ್ ಒಂದು ಪಟ್ಟಿ ಮಾಡಿದೆ. ಅದರಲ್ಲಿರುವುದು ಹತ್ತು ಕಾರಣ: ರಕ್ತಹೀನತೆ, ನಿರ್ಜಲೀಕರಣ, ಭೇದಿ, ವಾಂತಿ, ವಾಕರಿಕೆ, ಜ್ವರ, ಬಿಳಿ ರಕ್ತಕಣಗಳ ಕುಸಿತ, ನೋವು, ನ್ಯುಮೋನಿಯಾ, ರಕ್ತದ ನಂಜು. ಗೆಡ್ಡೆ ಬೆಳೆಯಿತು ಎಂಬುದು ಆ ಪಟ್ಟಿಯಲ್ಲಿಲ್ಲ. ಇರುವುದೆಲ್ಲ ಚಿಕಿತ್ಸೆಯ ಬೆನ್ನಿಗೆ ಬರುತ್ತದೆಂದು ಮೊದಲೇ ಗೊತ್ತಿರುವ ತೊಂದರೆಗಳು, ಹೊತ್ತಿಗೆ ಸರಿಯಾಗಿ ನೋಡಿಕೊಂಡರೆ ಎಷ್ಟೋ ಸಲ ಹಾಸಿಗೆವರೆಗೆ ಬೆಳೆಯದಂಥವು.

ಮೊದಲೇ ಗೊತ್ತಿರುವ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬಹುತೇಕ ಕೀಮೋ ಔಷಧಿಗಳಲ್ಲಿ ಏಳನೇ ದಿನದಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಮೈ 100.4 ಡಿಗ್ರಿ ದಾಟಿ ಬಿಸಿಯಾಗಿಯೇ ಉಳಿದರೆ ಅದನ್ನು ಮಾಮೂಲಿ ಜ್ವರವೆಂದು ಬಿಡುವಂತಿಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಮೈಗೆ ಹೋಗಬೇಕು ಎಂಬುದು ಲೋಕವೆಲ್ಲ ಒಪ್ಪಿದ ನಿಯಮ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹೇಳಬಹುದಾದ ಅಪಾಯವನ್ನು ಹಣೆಬರಹ ಎನ್ನುವವರು ಕ್ಯಾಲೆಂಡರ್ ನೋಡಿಲ್ಲ, ಇಲ್ಲವೇ ನೋಡಿಯೂ ಸುಮ್ಮನಿದ್ದಾರೆ.

ಇಲ್ಲಿ ಜಾಣರೊಬ್ಬರು ಎದ್ದು, ಜ್ವರ ಬಂದು ರಕ್ತಕಣ ಕುಸಿದಿದ್ದರೆ ಹೇಗೂ ಅಡ್ಮಿಟ್ ಮಾಡಲೇಬೇಕಲ್ಲ, ತಪ್ಪಿಸಿದ್ದೇನು ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರದ ಮೊದಲ ಭಾಗ: ಎಲ್ಲರನ್ನೂ ಮಾಡಬೇಕಿಲ್ಲ. ಯಾರಿಗೆ ಅಪಾಯ ಕಡಿಮೆ ಎಂದು ಅಳೆಯುವ ಮಾಸ್ಕ್ ಎಂಬ ಅಂಕಪದ್ಧತಿ 2000ದಿಂದಲೇ ಇದೆ. ಅದರ ಪ್ರಕಾರ ಕಡಿಮೆ ಅಪಾಯದವರನ್ನು ನಿಗಾದಲ್ಲಿಟ್ಟು ಬಾಯಿಂದ ನುಂಗುವ ಮಾತ್ರೆಯಲ್ಲೇ ಗುಣಪಡಿಸಬಹುದು. ಎರಡನೇ ಭಾಗ: ಅಡ್ಮಿಟ್ ಮಾಡಲೇಬೇಕಾದವರನ್ನು ಜ್ವರ ಬಂದ ಸಂಜೆಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಹಿಡಿಯುವುದು ಬೇರೆ, ಮೂರು ದಿನ ಪ್ಯಾರಾಸಿಟಮಾಲ್ ನುಂಗಿಸಿ ಬಿಪಿ ಬಿದ್ದ ಮೇಲೆ ಬೆಂಗಳೂರಿನ ಐಸಿಯುಗೆ ಒಯ್ಯುವುದು ಬೇರೆ. ಇವೆರಡನ್ನೂ "ಮರುದಾಖಲಾತಿ" ಎಂಬ ಒಂದೇ ಕಾಲಂನಲ್ಲಿ ಬರೆದು ಎರಡೂ ಒಂದೇ ಎನ್ನುವುದು ಗುಮಾಸ್ತಿಕೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಇದೇ ಮಹನೀಯರು ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ "ಜ್ವರ ಬಂದರೆ ಕೂಡಲೇ ಬನ್ನಿ" ಎಂದು ಬರೆಸುತ್ತಾರೆ. ಬರುತ್ತದೆಂದು ಗೊತ್ತಿದ್ದೇ ಬರೆದದ್ದು. ಬಂದ ಮೇಲೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಕಾಯಿಲೆಯ ಗುಣ.

ಹಾಳೆಯ ಮಾತು ಬಂದದ್ದರಿಂದ ಎರಡನೇ ಆಕ್ಷೇಪಕ್ಕೆ ಹೋಗೋಣ: "ಹಳ್ಳಿಯವರು ಹೇಳಿದ್ದು ಕೇಳಲ್ಲ. ಮಾತ್ರೆ ಸರಿಯಾಗಿ ತಗೊಳ್ಳಲ್ಲ. ನಾವೇನು ಮಾಡೋಕಾಗುತ್ತೆ?" ಕುಣಿಗಲ್ ಕಡೆಯ ಒಂದು ಮನೆಯಲ್ಲಿ ನಾನು ನೋಡಿದ ಡಿಸ್ಚಾರ್ಜ್ ಸಮ್ಮರಿ ಮೂರು ಪುಟದ್ದು. ಮೊದಲ ಪುಟದಲ್ಲಿ ಬಯಾಪ್ಸಿಯ ವಿವರ, ಎರಡನೆಯದರಲ್ಲಿ ಔಷಧಿಗಳ ಉದ್ದ ಹೆಸರು ಮತ್ತು ಮಿಲಿಗ್ರಾಂ ಲೆಕ್ಕ, ಮೂರನೆಯದರಲ್ಲಿ ಮಾತ್ರೆಗಳ ಪಟ್ಟಿ. ಪ್ರತಿ ಮಾತ್ರೆಯ ಮುಂದೆ ಬಿಡಿ, ಟಿಡಿಎಸ್, ಎಸ್‌ಒಎಸ್ ಎಂಬ ಅಕ್ಷರಗಳು. ಎಲ್ಲವೂ ಇಂಗ್ಲಿಷ್. ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಜ್ವರದ ಎಚ್ಚರಿಕೆ. ಮನೆಯ ಯಜಮಾನಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೇವರ ಪಟದ ಹಿಂದೆ ಜೋಪಾನ ಮಾಡಿದ್ದರು. ಆ ಹಾಳೆಯನ್ನು ಅದಕ್ಕಿಂತ ಶ್ರದ್ಧೆಯಿಂದ ಯಾರೂ ನೋಡಿಕೊಳ್ಳಲಾರರು. ಓದಲು ಮಾತ್ರ ಆಗುತ್ತಿರಲಿಲ್ಲ. ಭೇದಿಗೆ ಬರೆದಿದ್ದ ಮಾತ್ರೆಯನ್ನು ಅವರು ದಿನವೂ ಹೊತ್ತು ಹೊತ್ತಿಗೆ ಕೊಡುತ್ತಿದ್ದರು, ರೋಗಿಗೆ ಮಲಬದ್ಧತೆಯಾಗಿ ಹೊಟ್ಟೆ ಉಬ್ಬಿತ್ತು. "ಬೇಕಾದಾಗ ಮಾತ್ರ" ಎಂಬುದನ್ನು ಎಸ್‌ಒಎಸ್ ಎಂದು ಬರೆದವರು ಯಾರು, ಹೇಳಿದ್ದು ಕೇಳದವರು ಯಾರು? ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಕೇಳಿದ ಮನೆ ಅದು.

ಇನ್ನೊಂದು ಉದಾಹರಣೆ ಗುಬ್ಬಿಯದು. ಅದು ಅಡಿಕೆಯ ಸೀಮೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಬೆಳೆಗಾರರ ಸಿಟ್ಟು ನನಗೆ ಗೊತ್ತು, ಆ ಜಗಳ ಇವತ್ತಿನದಲ್ಲ. ಇಲ್ಲಿ ಅದನ್ನು ಎತ್ತಿದ್ದು ಬಾಯಿ ಗಂಟಲಿನ ಕ್ಯಾನ್ಸರ್‌ನವರು ಯಾವುದಕ್ಕೆ ವಾಪಸ್ ಬರುತ್ತಾರೆ ಎಂದು ತೋರಿಸಲು. ಆಪರೇಷನ್ ಆದವರು, ವಿಕಿರಣದ ಕರೆಂಟ್ ಕೊಡಿಸಿಕೊಂಡವರು ವಾರಗಟ್ಟಲೆ ಮೂಗಿನ ನಳಿಕೆಯಲ್ಲೇ ಉಣ್ಣಬೇಕು. ಮನೆಯಲ್ಲಿ ರಾಗಿ ಅಂಬಲಿ ಮಾಡುತ್ತಾರೆ, ಶಕ್ತಿ ಬರಲೆಂದು ತುಸು ಗಟ್ಟಿಯಾಗಿಯೇ. ಸೋಸುವುದಿಲ್ಲ. ಮಾತ್ರೆಯನ್ನು ಕುಟ್ಟಿ ಅದೇ ನಳಿಕೆಗೆ ಬಿಡುತ್ತಾರೆ. ಆಮೇಲೆ ನೀರು ಹಾಯಿಸಿ ತೊಳೆಯಬೇಕೆಂದು ಅವರಿಗೆ ತೋರಿಸಿದವರಿಲ್ಲ. ನಾಲ್ಕನೇ ದಿನಕ್ಕೆ ನಳಿಕೆ ಕಟ್ಟಿಕೊಳ್ಳುತ್ತದೆ. ಒಂದೆರಡು ದಿನ ಅನ್ನ ನೀರಿಲ್ಲದೆ ರೋಗಿ ಒಣಗುತ್ತಾರೆ. ಬಾಡಿಗೆ ಕಾರು, ಬೆಂಗಳೂರು, ಎಮರ್ಜೆನ್ಸಿ, ಗ್ಲೂಕೋಸು. ಬೆಚ್ಚಗಿನ ನೀರಿನ ಒಂದು ಸಿರಿಂಜ್, ಡಿಸ್ಚಾರ್ಜ್ ಮುಂಚೆ ಕಾಲು ಗಂಟೆಯ ಪಾಠ, ಇವೆರಡರಲ್ಲಿ ಮುಗಿಯುವ ವಿಷಯ. ಗಂಟಲಲ್ಲಿ ಹೊಸ ಹೊಲಿಗೆ ಇದ್ದರೆ, ಅನ್ನನಾಳದಲ್ಲೇ ಗೆಡ್ಡೆ ಇದ್ದರೆ ನಳಿಕೆಯನ್ನು ಎಲ್ಲೆಂದರಲ್ಲಿ ಹಾಕಬಾರದು, ಒಪ್ಪುತ್ತೇನೆ. ಅಂಥವರು ಯಾರೆಂದು ಕನ್ನಡದ ಹಾಳೆಯಲ್ಲೇ ಬರೆದು ಕಳಿಸಿ. ಉಳಿದವರಿಗೆ ಅದು ಗುಬ್ಬಿಯಲ್ಲೇ ಆಗುವ ಕೆಲಸ.

ಮೂರನೇ ವಾದ ಭೂಗೋಳದ್ದು: "ತುಮಕೂರಿಗೆ ಬೆಂಗಳೂರು ಎಷ್ಟು ದೂರ? ಎಪ್ಪತ್ತು ಕಿಲೋಮೀಟರ್. ಒಂದೂವರೆ ಗಂಟೆ. ಇಲ್ಲಿ ಬೇರೆ ವ್ಯವಸ್ಥೆ ಯಾಕೆ?" ಹೆದ್ದಾರಿ ಫಲಕ ಓದಿ ಮಾಡಿದ ಲೆಕ್ಕ ಇದು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಇರುವುದು ಹೊಸೂರು ರಸ್ತೆಯಲ್ಲಿ, ನಗರದ ಆಚೆ ಮಗ್ಗುಲಲ್ಲಿ. ದಾಬಸ್‌ಪೇಟೆ, ನೆಲಮಂಗಲ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದ ಮೇಲೆ ನಿಜವಾದ ಪ್ರಯಾಣ ಶುರು. ಇನ್ನು ರೋಗಿ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾದು ಕೂತಿರುವುದೂ ಇಲ್ಲ. ಹಾಗಲವಾಡಿಯ ತೋಟದ ಮನೆಯಲ್ಲಿ ಇರುತ್ತಾರೆ, ಹುಲಿಯೂರುದುರ್ಗದ ಆಚೆಯ ಹಳ್ಳಿಯಲ್ಲಿ ಇರುತ್ತಾರೆ. ಜ್ವರ ಬರುವುದು ರಾತ್ರಿ ಹನ್ನೊಂದಕ್ಕೆ. ಗುಬ್ಬಿಗೂ ಕುಣಿಗಲ್ಲಿಗೂ ರೈಲಿದೆ, ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿಯೂ ಉಂಟು. ಚಿಕಿತ್ಸೆಯ ದಿನಕ್ಕೆ ಅದು ದೊಡ್ಡ ಉಪಕಾರ. ಜ್ವರ ಮಾತ್ರ ವೇಳಾಪಟ್ಟಿ ನೋಡಿ ಬರುವುದಿಲ್ಲ. ಬಿಳಿ ರಕ್ತಕಣ ಕುಸಿದವರನ್ನು ಕಿಕ್ಕಿರಿದ ಬಸ್ಸಿನಲ್ಲಿ ಕೂರಿಸಿ ಕಳಿಸುವುದು ಸೋಂಕು ತಡೆಯುವ ವಿಧಾನವೂ ಅಲ್ಲ. ಒಂದೂವರೆ ಗಂಟೆ ಎನ್ನುವವರ ಕಾರಿಗೆ ಚಾಲಕನಿದ್ದಾನೆ ಎಂಬುದಷ್ಟೇ ಆ ವಾದದಿಂದ ಸಾಬೀತಾಗುತ್ತದೆ.

ನಾಲ್ಕನೆಯದು ಮುಖಂಡರಿಗೆ ಪ್ರಿಯವಾದ ವಾದ: "ಜಿಲ್ಲೆಗೆ ಮೊದಲು ಸುಸಜ್ಜಿತ ಕ್ಯಾನ್ಸರ್ ಆಸ್ಪತ್ರೆ ಬರಲಿ, ಆಮೇಲೆ ಇದೆಲ್ಲ ತಾನಾಗಿ ಸರಿಹೋಗುತ್ತದೆ." ಬೆಂಗಳೂರು ಹತ್ತಿರವೇ ಇದ್ದರೆ ಜಿಲ್ಲೆಗೆ ಬೇರೆ ಆಸ್ಪತ್ರೆ ಏಕೆ? ಆಸ್ಪತ್ರೆ ಬೇಕೇ ಬೇಕೆಂದರೆ ಬೆಂಗಳೂರು ಹತ್ತಿರ ಎಂಬ ವಾದ ಏಕೆ? ಬೆಳಿಗ್ಗೆಯ ಸಭೆಗೊಂದು, ಸಂಜೆಯ ವೇದಿಕೆಗೊಂದು ಇಟ್ಟುಕೊಂಡವರು ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಹೇಳಿದೆ. ಸಂತೋಷ. ಆದರೆ ಡೇ ಕೇರ್ ಎಂದರೆ ಬೆಳಿಗ್ಗೆ ಕೀಮೋ ಹಾಕಿ ಸಂಜೆ ಮನೆಗೆ ಕಳಿಸುವುದು. ಆಮೇಲಿನ ಇಪ್ಪತ್ತು ದಿನ ರೋಗಿ ಇರುವುದು ಮನೆಯಲ್ಲಿ. ಕೀಮೋ ಹತ್ತಿರ ಬಂದಷ್ಟೂ ಮನೆಯಲ್ಲಿ ಏಳುವ ತೊಂದರೆಗಳ ಜವಾಬ್ದಾರಿ ತಾಲ್ಲೂಕಿನ ಮೇಲೆ ಹೆಚ್ಚುತ್ತದೆ. ನಾವು ಕೇಳುತ್ತಿರುವುದು ಆ ಇಪ್ಪತ್ತು ದಿನದ ವ್ಯವಸ್ಥೆಯನ್ನು. ಕಟ್ಟಡ ಬಂದರೂ ಅದು ಬೇಕು, ಬರದಿದ್ದರೆ ಇನ್ನೂ ಹೆಚ್ಚು ಬೇಕು.

ಐದನೆಯದು ಕರುಣೆಯ ವೇಷದಲ್ಲಿ ಬರುತ್ತದೆ: "ಪಾಪ, ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಎಷ್ಟು ಹೊರೆ! ಇದನ್ನೂ ಹೇರುವುದೇ?" 2025ರ ಜನವರಿಯ ಚಳಿಯಲ್ಲಿ ಅದೇ ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದಾಗ ಈ ಕರುಣೆ ಎಲ್ಲಿತ್ತೋ ಕಾಣೆ. ಇರಲಿ, ನಾವು ಕೇಳಿದ್ದು ನರ್ಸ್ ಕರೆ. ಆಶಾ ಮನೆಗೆ ಹೋಗಿ ವಿಚಾರಿಸಬೇಕೆಂದರೂ ಆ ಹೊರೆಯನ್ನು ಅಳೆದೇ ನೋಡೋಣ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು. ಲಕ್ಷ ಜನಕ್ಕೆ ಹತ್ತಿರಹತ್ತಿರ ನೂರು. 2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಜನಸಂಖ್ಯೆ 26.8 ಲಕ್ಷ. ದೇಶದ ಸರಾಸರಿಯನ್ನೇ ಹಿಡಿದರೂ ಇಡೀ ಜಿಲ್ಲೆಗೆ ವರ್ಷಕ್ಕೆ ಎರಡು ಸಾವಿರದ ಏಳುನೂರರಷ್ಟು ಹೊಸ ರೋಗಿಗಳು. ಗುಬ್ಬಿ, ಕುಣಿಗಲ್‌ನಂಥ ಒಂದೊಂದು ತಾಲ್ಲೂಕಿಗೆ ವಾರಕ್ಕೆ ಐದರ ಆಸುಪಾಸು. ಸಾವಿರ ಜನಕ್ಕೊಬ್ಬ ಆಶಾ ಎಂಬುದು ಸರ್ಕಾರದ ಮಾನದಂಡ. ಅಂದರೆ ಒಬ್ಬ ಆಶಾಗೆ ಸರಾಸರಿ ವರ್ಷಕ್ಕೆ ಒಬ್ಬ ಹೊಸ ರೋಗಿ. ಹಳೆಯ ರೋಗಿಗಳನ್ನು ಸೇರಿಸಿ, ಸಂಖ್ಯೆಯನ್ನು ಮೂರು ಪಟ್ಟು ಮಾಡಿ, ನಾಲ್ಕು ಪಟ್ಟು ಮಾಡಿ. ಬೆನ್ನು ಮುರಿಯುವ ಹೊರೆ ಅಂದರೆ ಇದೆಯೇ? ಮೂವತ್ತು ದಾಟಿದವರ ಪಟ್ಟಿ ಮಾಡಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಕರೆತರುವುದು ಈಗಾಗಲೇ ಅವರ ಕೆಲಸ. ರೋಗಿಯನ್ನು ಹುಡುಕಿ ಕಳಿಸುವುದು ಹೊರೆಯಲ್ಲ, ಕಳಿಸಿದವರು ವಾಪಸ್ ಬಂದಾಗ "ಜ್ವರ ಇದೆಯಾ ಅಕ್ಕ" ಎಂದು ಕೇಳುವುದು ಮಾತ್ರ ಹೊರೆ! ಆ ಭೇಟಿಗೆ ದುಡ್ಡು ಕೊಡಿ ಎಂದು ಬೇಡಿಕೆಯಲ್ಲಿ ಸೇರಿಸಲು ನಾವು ಸಿದ್ಧ. ಕರುಣಾಳುಗಳು ಜೊತೆಗೆ ಸಹಿ ಹಾಕುತ್ತಾರೆಯೇ?

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಬರುತ್ತದೆ: "ಮನೆಗೆ ಹೋಗಿ ನೋಡೋದೆಲ್ಲ ಕೇರಳದಲ್ಲಿ ನಡೆಯುತ್ತೆ, ನಮ್ಮಲ್ಲಿ ಆಗಲ್ಲ." ಕೋಝಿಕೋಡಿನಲ್ಲಿ 1993ರಲ್ಲಿ ನೋವು ಮತ್ತು ಉಪಶಮನ ಆರೈಕೆಯ ಸಂಘ ಶುರುವಾದಾಗ ಕೇರಳದಲ್ಲೂ ಅದು ನಡೆಯುತ್ತಿರಲಿಲ್ಲ. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ನೀತಿ ಮಾಡಿ ಪಂಚಾಯಿತಿಗಳಿಗೆ ವಹಿಸಿತು. ಅದರ ಫಲವಾಗಿ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುವ ಏರ್ಪಾಡು ಕಾಸರಗೋಡು ಜಿಲ್ಲೆಗೂ ಬಂತು. ಮಂಜೇಶ್ವರದ ಕಡೆ ಆ ನರ್ಸ್ ಹೋಗುವ ಎಷ್ಟೋ ಮನೆಗಳ ಮಾತು ಕನ್ನಡವೇ. ಅಲ್ಲಿಯ ಕನ್ನಡಿಗರ ಮನೆಯ ಮೆಟ್ಟಿಲು ಹತ್ತಬಹುದಾದ ನರ್ಸ್ ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕನ್ನಡಿಗರ ಮನೆಯ ಮೆಟ್ಟಿಲು ಏಕೆ ಹತ್ತಲಾರರು ಎಂಬುದಕ್ಕೆ ಯಾವ ಸಭೆಯಲ್ಲೂ ನನಗೆ ಕಾರಣ ಸಿಕ್ಕಿಲ್ಲ.

ಆರನೆಯದು ಮಾರ್ಫಿನ್. "ತಾಲ್ಲೂಕು ಮಟ್ಟದಲ್ಲಿ ಮಾರ್ಫಿನ್ ಇಟ್ಟರೆ ದುರ್ಬಳಕೆ ಆಗುತ್ತೆ, ರೋಗಿಗೆ ಚಟ ಹತ್ತುತ್ತೆ, ಲೈಸೆನ್ಸ್ ಗೋಳು ಬೇರೆ." ಲೈಸೆನ್ಸಿನ ಮಾತು ಹಳೆಯದಾಯಿತು. ಮಾದಕ ವಸ್ತುಗಳ 1985ರ ಕಾಯ್ದೆಗೆ 2014ರಲ್ಲಿ ಸಂಸತ್ತು ತಿದ್ದುಪಡಿ ತಂದದ್ದೇ ಈ ಗೋಳು ತಪ್ಪಿಸಲು. ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿ ಎಂದು ಕರೆದು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಅನುಮತಿಯಲ್ಲಿ ಅವನ್ನು ಇಟ್ಟುಕೊಳ್ಳಬಹುದು ಎಂದಿತು. ತರಬೇತಿ ಪಡೆದ ಒಬ್ಬ ವೈದ್ಯರು, ಬೀಗ ಹಾಕಿದ ಒಂದು ಕಪಾಟು, ಒಂದು ರಿಜಿಸ್ಟರ್ ಸಾಕು. ದಶಕ ದಾಟಿದರೂ ತಿದ್ದುಪಡಿಗೆ ಮೊದಲಿನ ಕಾನೂನನ್ನೇ ಉಲ್ಲೇಖಿಸುವವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ, ಅರ್ಜಿ ಬರೆಯಲು ಬೇಸರ. ಚಟದ ಮಾತೋ, ಕ್ಯಾನ್ಸರ್ ನೋವಿಗೆ ಲೆಕ್ಕದಲ್ಲಿ ಕೊಟ್ಟು ನಿಗಾ ಇಟ್ಟಾಗ ಅದು ಅಪರೂಪ. ಸಾಮಾನ್ಯವಾಗಿ ಆಗುವ ತೊಂದರೆ ಮಲಬದ್ಧತೆ. ಮಾರ್ಫಿನ್ ಜೊತೆಗೇ ಭೇದಿಮಾತ್ರೆ ಬರೆಯದಿದ್ದರೆ ರೋಗಿ ಹೊಟ್ಟೆ ಹಿಡಿದುಕೊಂಡು ಎಮರ್ಜೆನ್ಸಿಗೆ ಬರುತ್ತಾರೆ, ಮತ್ತೆ ಒಂದು ದಾಖಲಾತಿ. ಎದುರಾಳಿಗಳು ಅದರ ಬಗ್ಗೆ ಎಂದೂ ಮಾತಾಡಿದ್ದು ಕೇಳಿಲ್ಲ. ಇನ್ನೂ ದೊಡ್ಡ ವಿರೋಧಾಭಾಸ: ಮಾರ್ಫಿನ್‌ಗೆ ಬೆಚ್ಚುವ ಕೈಗಳೇ ಡೈಕ್ಲೋಫೆನಾಕ್ ಇಂಜೆಕ್ಷನ್ ಅನ್ನು ಧಾರಾಳವಾಗಿ ಚುಚ್ಚುತ್ತವೆ. ಸಿಸ್‌ಪ್ಲಾಟಿನ್ ಕೀಮೋ ಪಡೆದವರ ಮೂತ್ರಪಿಂಡ ಮೊದಲೇ ದಣಿದಿರುತ್ತದೆ, ಆ ಇಂಜೆಕ್ಷನ್ ಅದನ್ನು ಇನ್ನಷ್ಟು ಹಾಳುಮಾಡಬಲ್ಲದು. ದುರ್ಬಳಕೆ ಎಂದರೆ ಯಾವುದು?

ಏಳನೆಯದನ್ನು ಆರ್ಥಿಕ ವಾದ ಎನ್ನೋಣ: "ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸರ್ಕಾರ ಕೊಡುತ್ತೆ. ಮತ್ತೆ ಅಡ್ಮಿಟ್ ಆದರೂ ಅವರಿಗೇನು ನಷ್ಟ?" ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಐದು ಲಕ್ಷ ಇಡೀ ಕುಟುಂಬದ್ದು, ಇಡೀ ವರ್ಷದ್ದು. ತಪ್ಪಿಸಬಹುದಾಗಿದ್ದ ಐಸಿಯು ವಾಸಕ್ಕೆ ಅದು ಕರಗಿದರೆ ನವೆಂಬರಿನ ಕೀಮೋಗೆ ಉಳಿಯುವುದೇನು? ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅವರ ಸುದ್ದಿ ಈ ವಾದದಲ್ಲಿ ಬರುವುದೇ ಇಲ್ಲ. ಬಾಡಿಗೆ ಕಾರಿನ ದುಡ್ಡು, ಜೊತೆಗೆ ಬಂದವರ ಹೋದ ಕೂಲಿ, ನೀರು ಕಾಣದ ತೋಟ, ಕರೆಯದೆ ಉಳಿದ ಹಸು ಯಾವ ಪ್ಯಾಕೇಜಿನಲ್ಲೂ ಇಲ್ಲ. ನನ್ನ ಮುಖ್ಯ ತಕರಾರು ಬೇರೆ. ಆಯುಷ್ಮಾನ್ ಭಾರತದ ನಿಯಮದಲ್ಲೇ ಡಿಸ್ಚಾರ್ಜ್ ಆದ ನಂತರದ 15 ದಿನದ ಔಷಧಿ ಮತ್ತು ಪರೀಕ್ಷೆಗಳು ಸೇರಿವೆ. ಬಿಳಿ ರಕ್ತಕಣ ಕುಸಿಯುವುದೂ ಆ 15 ದಿನದಲ್ಲೇ. ನಿಯಮ ಬರೆದವರು ಅಷ್ಟು ದೂರ ಯೋಚಿಸಿದ್ದಾರೆ. ಏಳನೇ ದಿನದ ಒಂದು ರಕ್ತ ಪರೀಕ್ಷೆಯನ್ನು ಗುಬ್ಬಿಯಲ್ಲೇ ಮಾಡಿಸಿ ಆ ಲೆಕ್ಕಕ್ಕೆ ಬರೆಯುವ ದಾರಿಯನ್ನು ನಡೆಸುವವರು ಹುಡುಕಿಲ್ಲ. ಐಸಿಯುಗೆ ಪ್ಯಾಕೇಜ್ ಕೋಡ್ ಇದೆ, ನರ್ಸ್ ಮಾಡುವ ಫೋನ್ ಕರೆಗೆ ಕೋಡ್ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ಮಾತ್ರ ದುಡ್ಡು ಮಂಜೂರು.

ಎಂಟನೆಯದು ಓದಿಕೊಂಡವರದ್ದು. ಅವರು ಎರಡು ಬಾಣ ಒಟ್ಟಿಗೆ ಬಿಡುತ್ತಾರೆ. ಒಂದು, "ಇವೆಲ್ಲ ಅಮೆರಿಕದ ಅಧ್ಯಯನಗಳು, ನಮ್ಮ ಜನ ಮೊಬೈಲಿನಲ್ಲಿ ಲಕ್ಷಣ ತುಂಬಿ ಕಳಿಸುತ್ತಾರೆಯೇ?" ಅವರು ಹೇಳುವ ಅಧ್ಯಯನ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದ್ದು. 766 ರೋಗಿಗಳ ಮೇಲೆ ನಡೆದು 2016 ಮತ್ತು 2017ರಲ್ಲಿ ಪ್ರಕಟವಾಯಿತು. ಲಕ್ಷಣಗಳನ್ನು ತಾವೇ ಆಗಾಗ ವರದಿ ಮಾಡಿ, ಕೆಟ್ಟದಾದಾಗ ನರ್ಸ್‌ಗೆ ಸುದ್ದಿ ಹೋಗುತ್ತಿದ್ದ ಗುಂಪಿನಲ್ಲಿ ಎಮರ್ಜೆನ್ಸಿಗೆ ಬಂದವರು ಶೇ. 34, ಉಳಿದ ಗುಂಪಿನಲ್ಲಿ ಶೇ. 41. ಅಡ್ಮಿಟ್ ಆದವರು ಶೇ. 45ಕ್ಕೆ ಎದುರಾಗಿ 49. ಇದು ಸಣ್ಣ ಅಂತರ, ಅದನ್ನು ಉಬ್ಬಿಸುವುದಿಲ್ಲ. ಬದುಕಿದ ಅವಧಿಯ ಮಧ್ಯಾಂಕ ಮಾತ್ರ 26 ತಿಂಗಳಿಂದ 31.2 ತಿಂಗಳಿಗೆ ಏರಿತ್ತು. ಎದುರಾಳಿಗಳು ಓದದೆ ಬಿಟ್ಟ ಸಾಲು ಇನ್ನೊಂದಿದೆ: ಮೊದಲು ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದ ರೋಗಿಗಳಿಗೇ ಪ್ರಯೋಜನ ಹೆಚ್ಚು ಆಯಿತು. ನಮ್ಮವರಿಗೆ ಒಗ್ಗುವುದಿಲ್ಲ ಎನ್ನಲು ಅವರು ತಂದ ಅಧ್ಯಯನವೇ ತಿರುಗಿ ನಿಂತಿದೆ. ನಾವು ಆ್ಯಪ್ ಕೂಡ ಕೇಳಿಲ್ಲ, ಫೋನ್ ಕರೆ ಕೇಳಿದ್ದೇವೆ. ಕುಣಿಗಲ್ ಸಂತೆಯಲ್ಲಿ ಫೋನಿನಲ್ಲೇ ತೆಂಗಿನಕಾಯಿ ದರ ಚೌಕಾಸಿ ಮಾಡುವವರಿಗೆ "ಎಷ್ಟು ಸಲ ಭೇದಿ ಆಯ್ತು" ಎಂದು ಹೇಳಲು ಬಾರದೇ?

ಎರಡನೇ ಬಾಣ: "ಮರುದಾಖಲಾತಿ ಕಡಿಮೆ ಮಾಡಿ ಎಂದರೆ ಆಸ್ಪತ್ರೆಗಳು ರೋಗಿಯನ್ನು ಬಾಗಿಲಲ್ಲೇ ತಡೆಯುತ್ತವೆ." ಎಲ್ಲ ಆಕ್ಷೇಪಗಳಲ್ಲಿ ನಾನು ಗೌರವಿಸುವುದು ಇದೊಂದನ್ನೇ. 2012ರಿಂದ ಅಮೆರಿಕದಲ್ಲಿ ಮರುದಾಖಲಾತಿ ಹೆಚ್ಚಿದ ಆಸ್ಪತ್ರೆಗಳಿಗೆ ಶೇ. 3ರವರೆಗೆ ಹಣ ಕಡಿತ ಮಾಡುವ ಪದ್ಧತಿ ಬಂತು. ಹೃದಯ ವೈಫಲ್ಯದ ರೋಗಿಗಳಲ್ಲಿ ಸಾವು ಹೆಚ್ಚಿತೇ ಎಂಬ ಅನುಮಾನವನ್ನು ಅಲ್ಲಿಯ ಸಂಶೋಧಕರೇ ಎತ್ತಿದರು. ಆದರೆ ಅದು ದಂಡದ ಮೇಲಿನ ಟೀಕೆ, ನಾವು ದಂಡ ಕೇಳಿಲ್ಲ. ನಮ್ಮ ಬೇಡಿಕೆಯಂತೆ ರೋಗಿ ಮೊದಲ ಸಂಜೆಯೇ ತಾಲ್ಲೂಕು ಆಸ್ಪತ್ರೆಯ ಬಾಗಿಲು ಹೊಗಬೇಕು. ಬಾಗಿಲು ಮುಚ್ಚುವುದು ಹೇಗಾಯಿತು, ಇನ್ನೊಂದು ಬಾಗಿಲು ತೆರೆಯಿತು. ಅಲ್ಲದೆ, ವಾಪಸ್ ಬರುವುದು ತಪ್ಪಿಸಲಾಗದ ಹಣೆಬರಹ ಎಂದು ಮೊದಲ ಆಕ್ಷೇಪದಲ್ಲಿ ಹೇಳಿದವರು, ಎಂಟನೆಯದರಲ್ಲಿ ಆಸ್ಪತ್ರೆಗಳು ಮನಸ್ಸು ಮಾಡಿದರೆ ತಡೆದುಬಿಡುತ್ತವೆ ಎನ್ನುವುದು ಹೇಗೆ?

ಎಲ್ಲ ಮುಗಿದ ಮೇಲೆ ಕೊನೆಯ ಆಶ್ರಯ: "ಅಂಕಿಅಂಶ ಎಲ್ಲಿದೆ? ಗುಬ್ಬಿಯಿಂದ ಎಷ್ಟು ಜನ, ಕುಣಿಗಲ್‌ನಿಂದ ಎಷ್ಟು ಜನ ವಾಪಸ್ ಬರುತ್ತಾರೆ ಎಂದು ಮೊದಲು ತೋರಿಸಿ." ಲೆಕ್ಕ ಇಟ್ಟುಕೊಂಡವರು ಲೆಕ್ಕ ಇಲ್ಲದವರನ್ನು ಕೇಳುವ ಪ್ರಶ್ನೆ ಇದು. ಆಯುಷ್ಮಾನ್ ಯೋಜನೆಯಡಿ ಚಿಕಿತ್ಸೆ ಪಡೆದ ಪ್ರತಿ ರೋಗಿಯ ಊರು, ಸೇರಿದ ದಿನ, ಬಿಟ್ಟ ದಿನ, ಕಾಯಿಲೆ, ಪ್ಯಾಕೇಜ್, ಆಸ್ಪತ್ರೆ, ಇಷ್ಟೂ ವಿವರ ಅದನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕ್ಲೇಮ್ ಅರ್ಜಿಯೊಡನೆಯೇ ಹೋಗುತ್ತದೆ. ಅದಿಲ್ಲದೆ ಆಸ್ಪತ್ರೆಗೆ ದುಡ್ಡು ಬರುವುದಿಲ್ಲ. ರೋಗಿಗಳ ಹೆಸರು ನಮಗೆ ಬೇಡ. ತಾಲ್ಲೂಕು, ಎಷ್ಟನೇ ದಿನಕ್ಕೆ ವಾಪಸ್ ಬಂದರು, ಯಾವ ಕಾರಣಕ್ಕೆ, ಐಸಿಯುಗೆ ಹೋದರೇ: ನಾಲ್ಕು ಕಾಲಂ ಸಾಕು. ಏಳರಿಂದ ಹದಿನಾಲ್ಕನೇ ದಿನದ ಸಾಲುಗಳು ಅದರಲ್ಲಿ ಖಾಲಿ ಇದ್ದರೆ ನಮ್ಮ ವಾದ ಅಲ್ಲಿಗೆ ಬಿತ್ತು, ಧೈರ್ಯವಾಗಿ ಪ್ರಕಟಿಸಲಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಗಡುವು 30 ದಿನ. ಅಂಕಿಅಂಶ ಎಲ್ಲಿ ಎಂದು ಕೇಳಿದವರ ಹೆಸರಿನಲ್ಲೇ ಅರ್ಜಿ ಹೋಗಲಿ. ಹತ್ತು ರೂಪಾಯಿ ನಾನು ಕಟ್ಟುತ್ತೇನೆ.